26ಎ
ಬ್ರಿಟಿಷ್ ಲೇಖಕಿ ಡಯಾನಾ ಇವಾನ್ಸ್ ಅವರ ಮೊದಲ ಕಾದಂಬರಿ (2005). ವಾಯವ್ಯ ಲಂಡನ್ನಿನ ನೀಸ್ಡನ್ನಿನಲ್ಲಿ, ಇಂಗ್ಲಿಷ್ ತಂದೆ ಮತ್ತು ನೈಜೀರಿಯಾದ ತಾಯಿಗೆ ಹುಟ್ಟಿದ ತದ್ರೂಪಿ ಅವಳಿಗಳಾದ ಜಾರ್ಜಿಯಾ ಮತ್ತು ಬೆಸ್ಸಿ ಇದರ ನಾಯಕಿಯರು. 26ನೇ ನಂಬರಿನ ಮನೆಯ ಅಟ್ಟದ ಕೋಣೆಗೆ ಅವರಿಟ್ಟ ಹೆಸರೇ ಶೀರ್ಷಿಕೆ. ಕುಟುಂಬ ಕೆಲವು ವರ್ಷ ನೈಜೀರಿಯಾದಲ್ಲಿದ್ದಾಗ ಜಾರ್ಜಿಯಾಳ ಮೇಲೆ ದೌರ್ಜನ್ಯ ನಡೆಯುತ್ತದೆ. ಎಲ್ಲವನ್ನೂ ಹಂಚಿಕೊಂಡು ಬೆಳೆದವಳು ಇದೊಂದನ್ನು ಮಾತ್ರ ಬೆಸ್ಸಿಗೆ ಹೇಳುವುದಿಲ್ಲ. ಅವರ ನಡುವಿನ ಬಿರುಕು ಶುರುವಾಗುವುದು ಅಲ್ಲಿಂದಲೇ. ಮುಂದೆ ಖಿನ್ನತೆಗೆ ಸಿಲುಕಿದ ಜಾರ್ಜಿಯಾ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಸತ್ತ ಅವಳಿಯ ಆತ್ಮ ಬದುಕುಳಿದವಳಲ್ಲಿ ಕೆಲಕಾಲ ನೆಲೆಸುತ್ತದೆಂಬ, ತಾಯಿಯ ಕಡೆಯ ನಂಬಿಕೆಯನ್ನು ಲೇಖಕಿ ಅಲಂಕಾರವಾಗಿ ಬಳಸದೆ ಕಥೆಯ ವಾಸ್ತವವನ್ನಾಗಿಯೇ ನಿಲ್ಲಿಸಿದ್ದಾರೆ. ಕೃತಿಯ ನಿಜವಾದ ಸಾಧನೆ ಈ ಕೊನೆಯ ಭಾಗ. ಇವಾನ್ಸ್ ಸ್ವತಃ ಅವಳಿ. ಅವರ ಸಹೋದರಿಯೂ ಹೀಗೆಯೇ ತೀರಿಕೊಂಡಿದ್ದರು. ಆದರೂ ಕಾದಂಬರಿ ಬರಿಯ ಶೋಕಗಾಥೆಯಲ್ಲ, ಬಾಲ್ಯದ ಪುಟಗಳಲ್ಲಿ ಲವಲವಿಕೆಯ ಹಾಸ್ಯವಿದೆ.

ವಿಮರ್ಶಕರು ಕೃತಿಯನ್ನು ಆದರದಿಂದ ಬರಮಾಡಿಕೊಂಡರು. ಹೊಸ ಲೇಖಕಿಯರಿಗಾಗಿ 2005ರಲ್ಲಿ ಆರಂಭವಾದ ಆರೆಂಜ್ ಪ್ರಶಸ್ತಿ ಮೊದಲು ಸಂದದ್ದು ಇದಕ್ಕೇ. ವಿಟ್‌ಬ್ರೆಡ್ ಪ್ರಥಮ ಕಾದಂಬರಿ ಪ್ರಶಸ್ತಿ ಮತ್ತು ಗಾರ್ಡಿಯನ್ ಪ್ರಥಮ ಕೃತಿ ಪ್ರಶಸ್ತಿಗಳ ಅಂತಿಮ ಪಟ್ಟಿಗಳಲ್ಲೂ ಇತ್ತು. ಅವಳಿಗಳ ಕಥೆಯಾದ್ದರಿಂದ ಇದು ಅರುಂಧತಿ ರಾಯ್ ಅವರ ಮೊದಲ ಕಾದಂಬರಿಯನ್ನು (1997) ನೆನಪಿಸಬಹುದು, ಆದರೆ ಅಲ್ಲಿನ ಅವಳಿಗಳು ಅಣ್ಣ-ತಂಗಿ. ಇಲ್ಲಿ ಇಬ್ಬರಿಗೂ ಒಂದೇ ಮುಖ.