ಕುಮಾರಕೃಪಾ ರಸ್ತೆಯ ಕಲಾಶಾಲೆ



ನಿಡಸೋಸಿ ಎಂದೊಡನೆ ದುರದುಂಡೀಶ್ವರ ಮಠ ನೆನಪಾಗುತ್ತದೆ. 1996ರಿಂದೀಚೆಗೆ ಇಂಜಿನಿಯರಿಂಗ್ ಕಾಲೇಜೂ ನೆನಪಾಗುತ್ತದೆ. ಪಕ್ಕದ ಗೋಕಾಕದ ಬಣ್ಣದ ಗೊಂಬೆಗಳ ಹೆಸರು ನಾಡಿನಾಚೆಗೂ ಹೋಗಿದೆ. ಆದರೂ ಈ ಭಾಗದಲ್ಲಿ ಮಗನೋ ಮಗಳೋ ಚಿತ್ರಕಲೆ ಓದುತ್ತೇನೆಂದರೆ, "ಅದರಿಂದ ಹೊಟ್ಟಿ ತುಂಬತದೇನು?" ಎಂದು ಹಿರಿಯರು ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ: ಚಿತ್ರ ಬರೆಯುವುದು ಜಾಯಿಜೇ? ಅದನ್ನು ಉಲಮಾಗಳಿಗೆ ಬಿಡೋಣ. ಅವರಲ್ಲೂ ಒಂದೇ ಅಭಿಪ್ರಾಯವಿಲ್ಲ. ವಿಜಾಪುರದ ಇಬ್ರಾಹಿಂ ರೋಜಾದ ಗೋಡೆಗಳಲ್ಲಿ ಕಲ್ಲಿನಲ್ಲೇ ಅರಳಿದ ಅಕ್ಷರಗಳನ್ನು ಕಂಡವರಿಗೆ ವಿನ್ಯಾಸಕಲೆ ನಮಗೆ ಹೊರಗಿನದೆಂದು ಅನ್ನಿಸಲಾರದು.

ಮೊದಲ ಪ್ರಶ್ನೆಗೆ ಉತ್ತರವಾಗಿ ಬೆಂಗಳೂರಿನ ಒಂದು ಸಂಸ್ಥೆಯ ಕಥೆ ಹೇಳುತ್ತೇನೆ.

ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಹುಟ್ಟಿತು. ಇದು ಸರ್ಕಾರದ ಇಲಾಖೆಯಲ್ಲ, ಕಲಾಸಕ್ತರೇ ಕಟ್ಟಿದ ಸಂಸ್ಥೆ. ಅದರ ಬೆನ್ನೆಲುಬಾಗಿದ್ದವರು ಪ್ರೊ. ಎಂ.ಎಸ್. ನಂಜುಂಡರಾವ್. ತೊಗಲುಗೊಂಬೆಗಳನ್ನೂ ಮೈಸೂರು ಶೈಲಿಯ ಹಳೆಯ ಚಿತ್ರಗಳನ್ನೂ ಹುಡುಕಿ ಉಳಿಸಿದವರು ಅವರು. ಕುಮಾರಕೃಪಾ ಅತಿಥಿಗೃಹದ ಬಳಿ ಸರ್ಕಾರ ಕೊಟ್ಟ ಜಾಗದಲ್ಲಿ ಪರಿಷತ್ತಿನ ಆವರಣ ಬೆಳೆಯಿತು. ಮರಗಳನ್ನು, ಬಂಡೆಗಳನ್ನು ಉಳಿಸಿಕೊಂಡೇ ಗ್ಯಾಲರಿಗಳು, ತರಗತಿಗಳು ಎದ್ದವು. ರಷ್ಯಾದ ಕಲಾವಿದ ಸ್ವೆತೊಸ್ಲಾವ್ ರೋರಿಕ್, ಉದ್ಯಮಿ ಎಚ್.ಕೆ. ಕೇಜ್ರಿವಾಲರ ಕುಟುಂಬ ಕೈಜೋಡಿಸಿದರು. 1983ರಲ್ಲಿ ಲಲಿತಕಲಾ ಮಹಾವಿದ್ಯಾಲಯ ಆರಂಭವಾಯಿತು.

ಅದಕ್ಕೂ ಮೊದಲೇ ಇಲ್ಲಿ ಕಲಿತವರಲ್ಲಿ ಯೂಸುಫ್ ಅರಕ್ಕಲ್ ಒಬ್ಬರು. 1945ರಲ್ಲಿ ಕೇರಳದ ಚಾವಕ್ಕಾಡಿನಲ್ಲಿ ಹುಟ್ಟಿದ ಯೂಸುಫ್ ಚಿಕ್ಕಂದಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡರು. ಊರು ಬಿಟ್ಟು ಬೆಂಗಳೂರು ಸೇರಿ, ಎಚ್.ಎ.ಎಲ್. ಕಾರ್ಖಾನೆಯಲ್ಲಿ ದುಡಿದರು. 1973ರಲ್ಲಿ ಪರಿಷತ್ತಿನಿಂದ ಚಿತ್ರಕಲೆಯ ಡಿಪ್ಲೊಮಾ ಪಡೆದರು. ಅವರ ಚಿತ್ರಗಳಲ್ಲಿ ರಾಜರಿಲ್ಲ, ದರ್ಬಾರುಗಳಿಲ್ಲ. ಬೀದಿಬದಿಯ ಒಂಟಿ ಜೀವಗಳು, ಮುಖ ಸರಿಯಾಗಿ ಕಾಣದ ಬಡವರು ಇದ್ದಾರೆ. ತಾನು ಯತೀಮನಾಗಿ ಅಲೆದ ನಗರವನ್ನೇ ಅವರು ಬರೆದರೇನೋ ಎಂದು ನನಗನ್ನಿಸುತ್ತದೆ. 1983ರಲ್ಲಿ ರಾಷ್ಟ್ರ ಪ್ರಶಸ್ತಿ, 2005ರಲ್ಲಿ ಇಟಲಿಯ ಫ್ಲಾರೆನ್ಸ್ ಬಿಯೆನಾಲೆಯಲ್ಲಿ ಚಿನ್ನದ ಪದಕ ಬಂದವು. ಬೆಂಗಳೂರಿನಲ್ಲೇ ನೆಲೆಸಿ, 2016ರ ಅಕ್ಟೋಬರ್ 4ರಂದು ತೀರಿಕೊಂಡರು.

ಈಗ ಅಲ್ಲಿ ಪಿಯುಸಿ ಮುಗಿಸಿದವರಿಗೆ ನಾಲ್ಕು ವರ್ಷದ ಪದವಿ ಇದೆ. ಚಿತ್ರ ಬರೆಯುವುದಷ್ಟೇ ಅಲ್ಲ, ಶಿಲ್ಪ, ಮುದ್ರಣಕಲೆ, ಜಾಹೀರಾತಿನ ವಿನ್ಯಾಸವನ್ನೂ ಕಲಿಸುತ್ತಾರೆ. ಜನವರಿಯ ಒಂದು ಭಾನುವಾರ ಆ ರಸ್ತೆಯಲ್ಲೇ ಚಿತ್ರಸಂತೆ ನಡೆಯುತ್ತದೆ. ಊರೂರಿನ ಕಲಾವಿದರು ಪಾದಚಾರಿ ಹಾದಿಯಲ್ಲಿ ಚಿತ್ರವಿಟ್ಟು, ಕೊಳ್ಳುವವರೊಡನೆ ತಾವೇ ಬೆಲೆ ಮಾತಾಡುತ್ತಾರೆ. ಸಂಕೇಶ್ವರದಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಚಿತ್ರ ಬರೆಯುವ ಮಗು ಮನೆಯಲ್ಲಿದ್ದರೆ ಜೊತೆಗೆ ಕರೆದುಕೊಂಡು ಹೋಗಿರಿ.