ಮರಳಿ ಬಂದವರ ಕುರುಹು

ಮಸ್ಕತ್ತಿನಿಂದ ನೈರುತ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಜಬಲ್ ಅಖ್ದರ್ ಪರ್ವತಶ್ರೇಣಿಯ ಪಾದದಲ್ಲಿ, ಖರ್ಜೂರದ ತೋಪುಗಳ ನಡುವೆ ನಿಂತಿರುವ ಬಹ್ಲಾ ಪಟ್ಟಣವು ಒಮಾನ್ ದೇಶದ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಪ್ರಖ್ಯಾತವಾಗಿದೆ: 12ನೆಯ ಶತಮಾನದಿಂದ 15ನೆಯ ಶತಮಾನದ ಅಂತ್ಯದವರೆಗೆ ಆ ಸೀಮೆಯಲ್ಲಿ ಪ್ರಬಲರಾಗಿದ್ದ ಬನೂ ನಬ್‌ಹಾನ್ ಕುಲದವರ ರಾಜಧಾನಿ ಎಂಬುದೊಂದು, ಮಾಟಮಂತ್ರಗಳ ತವರು ಎಂಬುದಿನ್ನೊಂದು. ಸುಮಾರು 12 ಕಿಲೋಮೀಟರ್ ಉದ್ದದ ಗೋಡೆ ಊರನ್ನೂ ತೋಟಗಳನ್ನೂ ಬಳಸಿಕೊಂಡಿದೆ. ಒಳಗಿನ ಮಹಾದುರ್ಗವು ಕಲ್ಲಿನ ತಳಹದಿಯ ಮೇಲೆ ಹಸಿ ಇಟ್ಟಿಗೆಯಿಂದ ಕಟ್ಟಿದುದಾದ ಕಾರಣ ಸುರಿದ ಪ್ರತಿಯೊಂದು ಮಳೆಯೂ ಅದನ್ನು ಇಷ್ಟಿಷ್ಟಾಗಿ ಕರಗಿಸುತ್ತ ಬಂದು, 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಕಟ್ಟಡವು ಮರುವರ್ಷವೇ ಅಪಾಯಕ್ಕೊಳಗಾದ ಸ್ಮಾರಕಗಳ ಸಾಲಿಗೂ ಸೇರಬೇಕಾಗಿ ಬಂದಿತು. ಜೀರ್ಣೋದ್ಧಾರ ನಡೆದು ಆ ಸಾಲಿನಿಂದ ಅದು ಹೊರಬಂದುದು 2004ರಲ್ಲಿ. ಅಲ್ಲಿಯ ಸಂತೆಯ ಮರವೊಂದನ್ನು ಜಿನ್ನುಗಳು ಹೊತ್ತೊಯ್ಯದಿರಲೆಂದು ಸರಪಣಿಯಿಂದ ಬಿಗಿದಿದ್ದರೆಂಬ ಐತಿಹ್ಯವನ್ನು ಒಮಾನಿನ ಮಕ್ಕಳೆಲ್ಲರೂ ಬಲ್ಲರು.

ಆದರೆ ಒಮಾನಿನ ಒಳನಾಡಿನ ಹಿರಿಯರು ದನಿ ತಗ್ಗಿಸಿ ಹೇಳುತ್ತಿದ್ದ ಕಥೆ ಮರದ್ದಲ್ಲ, ಮನುಷ್ಯರದು. ಆರೋಗ್ಯವಂತನಾದ ತರುಣನೊಬ್ಬ ಹಠಾತ್ತಾಗಿ ಸಾಯುತ್ತಾನೆ. ಸಂಪ್ರದಾಯದಂತೆ ವಿಳಂಬವಿಲ್ಲದೆ ಮೀಯಿಸಿ, ಬಿಳಿಯ ವಸ್ತ್ರದಲ್ಲಿ ಸುತ್ತಿ, ಮಣ್ಣು ಮಾಡುತ್ತಾರೆ. ವರ್ಷಗಳು ಕಳೆದ ಮೇಲೆ ದೂರದ ಕಣಿವೆಯೊಂದರಲ್ಲಿ, ಮುಸ್ಸಂಜೆಯ ಹೊತ್ತಿಗೆ, ಪರರ ಆಡುಗಳನ್ನು ಅಟ್ಟಿಕೊಂಡು ಹೋಗುತ್ತಿರುವ ಮೂಕನೊಬ್ಬನನ್ನು ಅವನ ಬಂಧುವೊಬ್ಬ ಕಾಣುತ್ತಾನೆ; ಮುಖ ಅದೇ, ನಡಿಗೆ ಅದೇ, ಹುಬ್ಬಿನ ಮೇಲಿನ ಗಾಯದ ಕಲೆಯೂ ಅದೇ; ಆದರೆ ಕರೆದರೆ ಓಗೊಡಲಾರ, ಮನೆಯ ದಾರಿಯನ್ನು ನೆನೆಯಲಾರ. ಮಾಂತ್ರಿಕನು ಜೀವಂತನನ್ನು ಅಪಹರಿಸಿ ತನ್ನ ದುಡಿಮೆಗೆ ಇಟ್ಟುಕೊಂಡಿದ್ದಾನೆಂದೂ, ಅಂದು ಗೋರಿಗಿಳಿದುದು ಬರಿಯ ತೋರಿಕೆಯ ಶವವೆಂದೂ, ಕೆಲವು ಕಥೆಗಳ ಪ್ರಕಾರ ಮರದ ತುಂಡೆಂದೂ ಆಗ ತಿಳಿಯುತ್ತದೆ. ಹೀಗೆ ಮರೆಯಾದವನಿಗೆ ‘ಮುಗಯ್ಯಬ್’ ಎಂದು ಹೆಸರು.

ಪುನರ್ಜನ್ಮದ ರಹಸ್ಯಚಿತ್ರಗಳನ್ನು ನೋಡುತ್ತ ಬೆಳೆದ ನಮಗೆ ಈ ಕಥೆ ಅರ್ಧ ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ಸತ್ತನೆಂದು ಅತ್ತು ಮುಗಿಸಿದವನು ಮತ್ತೆ ಕಣ್ಣೆದುರು ನಿಲ್ಲುವುದು, ಅವನೇ ಇವನೆಂಬುದಕ್ಕೆ ಕುರುಹು ಹುಡುಕುವುದು, ಇವೆರಡೂ ಎರಡು ಕಡೆಯೂ ಸಮಾನ. ಭೇದವಿರುವುದು ಕುರುಹಿನ ಸ್ವರೂಪದಲ್ಲಿ. ಆ ಭೇದಕ್ಕೆ ಮೂಲ ಶವಸಂಸ್ಕಾರದ ಪದ್ಧತಿಯಲ್ಲಿದೆಯೆಂಬುದು ನನ್ನ ನಂಬಿಕೆ. ಎಲ್ಲಿ ದೇಹವನ್ನು ಮಣ್ಣಿಗೆ ಒಪ್ಪಿಸುತ್ತಾರೋ ಅಲ್ಲಿ ಅದು ಸಾಕ್ಷ್ಯವಾಗಿ ನೆಲದೊಳಗೆ ಉಳಿಯುತ್ತದೆ. ಹೂತದ್ದು ನಿಜವಾಗಿಯೂ ಅವನನ್ನೇ ಏನು ಎಂಬ ಸಂದೇಹಕ್ಕೆ ಆಸ್ಪದವಿರುತ್ತದೆ. ಎಲ್ಲಿ ಅಗ್ನಿಗೆ ಅರ್ಪಿಸುತ್ತಾರೋ ಅಲ್ಲಿ ಸಂದೇಹಕ್ಕೆ ಬೂದಿಯ ಹೊರತು ಏನೂ ಸಿಗದು. ಮರಳುವವನು ಬೇರೊಂದು ಶರೀರದಲ್ಲಿಯೇ ಮರಳಬೇಕು, ಅವನ ಗುರುತು ಸ್ಮೃತಿಯಲ್ಲಿಯೋ ಚಿತ್ರಪಟದಲ್ಲಿಯೋ ರೂಪಸಾದೃಶ್ಯದಲ್ಲಿಯೋ ಇರಬೇಕು. ಈ ಎರಡು ಪದ್ಧತಿಗಳೂ ಹಳೆಯ ಮಸ್ಕತ್ತಿನಲ್ಲಿ ನೆರೆಹೊರೆಯಾಗಿದ್ದವೆಂಬುದು ಗಮನಾರ್ಹ: 1765ರಲ್ಲಿ ಆ ಬಂದರಿಗೆ ಬಂದ ಯಾತ್ರಿಕ ಕಾರ್ಸ್ಟನ್ ನೀಬೂರನು, ಅಲ್ಲಿ 1,200ಕ್ಕೆ ಕಡಿಮೆಯಿಲ್ಲದಷ್ಟು ಹಿಂದೂ ವರ್ತಕರು ತಮ್ಮ ಧರ್ಮದಂತೆ ಬಾಳುತ್ತ, ಮನೆಯೊಳಗೆ ಮೂರ್ತಿಗಳನ್ನು ಪೂಜಿಸುತ್ತ, ತಮ್ಮ ಮೃತರನ್ನು ದಹಿಸಲು ಅನುಮತಿ ಪಡೆದಿದ್ದರೆಂದು ಬರೆದಿಟ್ಟಿದ್ದಾನೆ.

ಇಸ್ಲಾಮಿನ ಇಬಾದಿ ಪಂಥವು ಪ್ರಧಾನವಾಗಿರುವ ಆ ದೇಶದಲ್ಲಿ ಸತ್ತವರು ಏಳುವುದು ಅಂತಿಮ ತೀರ್ಪಿನ ದಿನದಂದು ಮಾತ್ರ. ಪುನರ್ಜನ್ಮಕ್ಕೆ ಅಲ್ಲಿ ಶಾಸ್ತ್ರದ ಸಮ್ಮತಿಯಿಲ್ಲ. ಹಾಗಿದ್ದೂ ಮರಳಿ ಬಂದವರ ಕಥೆ ಇಷ್ಟು ಆಳವಾಗಿ ಬೇರೂರಿದುದು ಹೇಗೆ? ಕಥೆಯ ಒಳಗೇ ಅದರ ಉತ್ತರ ಅಡಗಿದೆ. ಅಪಹರಣ, ದೂರದೇಶ, ಕೂಲಿಯಿಲ್ಲದ ದುಡಿಮೆ, ಕಸಿದುಕೊಂಡ ಹೆಸರು, ಕಟ್ಟಿಹೋದ ಮಾತು: ಇವನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ಮಾಂತ್ರಿಕನ ಹಿಂದೆ ಮತ್ತೊಬ್ಬನ ನೆರಳು ಕಾಣಬರುತ್ತದೆ, ಅವನು ಗುಲಾಮರ ವ್ಯಾಪಾರಿ. 19ನೆಯ ಶತಮಾನದಲ್ಲಿ ಒಮಾನಿನ ದೊರೆ ಸಯೀದ್ ಬಿನ್ ಸುಲ್ತಾನನು ತನ್ನ ಆಸ್ಥಾನವನ್ನು ಮಸ್ಕತ್ತಿನಿಂದ ಜಂಜಿಬಾರಿಗೆ ಒಯ್ದ ಕಾಲದಲ್ಲಿ, ಪೂರ್ವ ಆಫ್ರಿಕದ ಒಳನಾಡಿನಿಂದ ಹಿಡಿದು ತಂದ ಸ್ತ್ರೀಪುರುಷರು ಲವಂಗದ ತೋಟಗಳಿಗೂ, ಒಮಾನ್ ಕರಾವಳಿಯ ಖರ್ಜೂರದ ತೋಪುಗಳಿಗೂ, ಕೊಲ್ಲಿಯ ಮುತ್ತಿನ ದೋಣಿಗಳಿಗೂ ಮಾರಾಟವಾಗುತ್ತಿದ್ದರು. ಬ್ರಿಟಿಷರೊಡನೆ ಆದ 1822ರ ಒಪ್ಪಂದ ಈ ವ್ಯಾಪಾರಕ್ಕೆ ಮೊದಲ ಕಡಿವಾಣ ಹಾಕಿತು, 1845ರದು ಅದನ್ನು ಬಿಗಿಗೊಳಿಸಿತು, 1873ರಲ್ಲಿ ಮಸ್ಕತ್ ಮತ್ತು ಜಂಜಿಬಾರ್‌ಗಳ ಸುಲ್ತಾನರಿಬ್ಬರೂ ಅದನ್ನು ನಿಷೇಧಿಸಿ ಸಹಿ ಹಾಕಿದರು. ಆದರೂ ಒಮಾನಿನಲ್ಲಿ ದಾಸ್ಯವು ಕಾನೂನಿನ ಪ್ರಕಾರ ಅಳಿದುದು 1970ರಲ್ಲಿ. ಬದುಕಿದ್ದೂ ತನ್ನವರ ಪಾಲಿಗೆ ಸತ್ತಂತಿರುವ ಮನುಷ್ಯನನ್ನು ಆ ಸಮಾಜವು ಕಥೆಯಲ್ಲಿ ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಅವನು ತೋಟದಲ್ಲಿ ನೀರು ಹಾಯಿಸುತ್ತಿದ್ದನು.

ನಮ್ಮ ರಹಸ್ಯಚಿತ್ರಗಳ ನೇಪಥ್ಯವನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸಬಹುದು. 1949ರಲ್ಲಿ ಬಾಂಬೆ ಟಾಕೀಸಿನವರು ಹೊರತಂದ, ಕಮಾಲ್ ಅಮ್ರೋಹಿ ನಿರ್ದೇಶಿಸಿದ ‘ಮಹಲ್’ ಚಿತ್ರದಲ್ಲಿ, ಪಾಳುಬಿದ್ದ ಸೌಧವೊಂದನ್ನು ಪ್ರವೇಶಿಸಿದ ನಾಯಕನು ಗೋಡೆಯ ಮೇಲೆ ತನ್ನದೇ ಮುಖದ ಹಳೆಯ ಚಿತ್ರಪಟವನ್ನು ಕಂಡು ಬೆರಗಾಗುತ್ತಾನೆ. ಪೂರ್ವಜನ್ಮದ ಪ್ರೇಯಸಿಯೆಂದು ಅವನು ಬೆನ್ನಟ್ಟಿದವಳು ತೋಟದ ಮಾಲಿಯ ಮಗಳೆಂಬುದು ಕಡೆಗೆ ಬಯಲಾಗುತ್ತದೆ. ಸೌಧದ ಪೂರ್ವಕಥೆಯನ್ನು ಮೊದಲು ಹೇಳಿದವನು ಆ ಮಾಲಿಯೇ ಎಂಬ ಸೂಚನೆ ಆರಂಭದಲ್ಲಿಯೇ ಇದ್ದರೂ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗನ ನೆರಳುಬೆಳಕು ಅದನ್ನು ನಮ್ಮಿಂದ ಮರೆಮಾಡುತ್ತದೆ. ಅದರ ಪ್ರಸಿದ್ಧ ಗೀತೆಯ ಧ್ವನಿಮುದ್ರಿಕೆಯ ಮೇಲೆ ಲತಾ ಮಂಗೇಶ್ಕರರ ಹೆಸರಿರಲಿಲ್ಲ, ಪಾತ್ರದ ಹೆಸರಾದ ಕಾಮಿನಿ ಎಂದಿತ್ತು; ದನಿ ದೂರದಿಂದ ಹತ್ತಿರಕ್ಕೆ ಬಂದಂತೆ ಕೇಳಲೆಂದು ಅವರು ಹಾಡುತ್ತಲೇ ಮೈಕಿನತ್ತ ನಡೆದು ಬಂದಿದ್ದರು.

ಆ ಚಿತ್ರವನ್ನು ಸಂಕಲಿಸಿದವರು ಬಿಮಲ್ ರಾಯ್. 1958ರಲ್ಲಿ ಅವರೇ ನಿರ್ದೇಶಿಸಿದ ‘ಮಧುಮತಿ’ಯ ಕಥೆಯನ್ನು ಬರೆದವರು ಋತ್ವಿಕ್ ಘಟಕ್. ನೈನಿತಾಲದ ಆಸುಪಾಸಿನಲ್ಲಿ ಚಿತ್ರೀಕರಿಸಿದ ಫಿಲಮಿನ ಬಹುಭಾಗ ಮಸುಕಾಗಿ ಹಾಳಾದುದರಿಂದ, ಕಲಾನಿರ್ದೇಶಕ ಸುಧೇಂದು ರಾಯ್ ಇಗತ್ಪುರಿಯ ಬಳಿ ಕೃತಕ ಪೈನ್ ಮರಗಳನ್ನು ನೆಡಿಸಿ ಹಿಮಾಲಯವನ್ನು ಮರುಸೃಷ್ಟಿಸಿದರು. ಚಿತ್ರದ ಅತಿಸೂಕ್ಷ್ಮವಾದ ಸುಳಿವು ಅಂತ್ಯದ ವಿಚಾರಣೆಯ ದೃಶ್ಯದಲ್ಲಿದೆ: ಅಪರಾಧಿಯ ಬಾಯಿ ಬಿಡಿಸಲು ಮಧುಮತಿಯ ವೇಷ ತೊಟ್ಟು ಬಂದವಳು, ಸತ್ತವಳಿಗೆ ಮಾತ್ರ ತಿಳಿದಿರಬಹುದಾದ ಸಂಗತಿಗಳನ್ನು ಕೇಳತೊಡಗಿದಾಗ ನಾಯಕನ ಮುಖ ಕಳೆಗುಂದುತ್ತದೆ, ವೇಷ ಹಾಕಬೇಕಾಗಿದ್ದ ಮಾಧವಿ ಹೊರಬಾಗಿಲಿಗೆ ತಲುಪುವುದು ಆಮೇಲೆ. ಬಹ್ಲಾದ ಕಥೆಯಲ್ಲಿ ಶರೀರ ಉಳಿದು ಸ್ಮೃತಿ ಅಳಿಯಿತು. ಇಲ್ಲಿ ಶರೀರ ಅಳಿದು ಸ್ಮೃತಿ ಉಳಿಯಿತು.

ಬಿಮಲ್ ರಾಯ್, ಋತ್ವಿಕ್ ಘಟಕ್ ಇಬ್ಬರೂ ಢಾಕಾ ಸೀಮೆಯಲ್ಲಿ ಹುಟ್ಟಿದವರು. 1947ರ ವಿಭಜನೆಯಿಂದ ಆ ಹುಟ್ಟೂರು ಪರದೇಶವಾಯಿತು. ಬಿರುಮಳೆಯ ರಾತ್ರಿ ಅಪರಿಚಿತ ಭವನವನ್ನು ಹೊಕ್ಕು, ಇದು ನಾನು ಬಲ್ಲ ಮನೆಯೆಂದು ಗುರುತಿಸುವ ನಾಯಕನನ್ನು ಅಂಥವರು ಕಲ್ಪಿಸಿದುದು, ತೊರೆದುಬಂದ ಮನೆಗಳ ನೆನಪು ಇನ್ನೂ ಹಸಿಯಾಗಿದ್ದ ಜನ ಅದನ್ನು ಹಾಗೆ ಅಪ್ಪಿಕೊಂಡುದು, ಆಕಸ್ಮಿಕವೆಂದು ನಾನು ಒಪ್ಪಲಾರೆ. ಮುಂದೆ ಇದೇ ಪುನರ್ಜನ್ಮದ ಎಳೆಯನ್ನು ಹಿಡಿದು 1980ರಲ್ಲಿ ಹಿಂದಿಯ ‘ಕರ್ಜ್’ ಬಂದಿತು, ಅದೇ ವರ್ಷ ಕನ್ನಡದಲ್ಲಿ ಶಂಕರ್ ನಾಗ್ ನಿರ್ದೇಶನದ ‘ಜನ್ಮ ಜನ್ಮದ ಅನುಬಂಧ’ ಬಂದಿತು, 1989ರಲ್ಲಿ ‘ಕರ್ಜ್’ ಕನ್ನಡದ ‘ಯುಗಪುರುಷ’ವಾಯಿತು.

ಚರಿತ್ರಕಾರನು ಇಂತಹ ಕಥೆಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಒಪ್ಪಂದಪತ್ರಗಳಲ್ಲಿ ಸುಲ್ತಾನರ ಮುದ್ರೆಯುಂಟು, ರಾಯಭಾರಿಗಳ ಸಹಿಯುಂಟು. ಹಡಗಿನಿಂದಿಳಿದು ಮಾರಾಟವಾದವನ ಹೆಸರಿಲ್ಲ. ಅವನನ್ನು ಕಳೆದುಕೊಂಡವರ ದುಃಖಕ್ಕೂ, ಕಣ್ಣೆದುರಿನ ಆಳು ಯಾರದೋ ಮನೆಯ ಮಗನೆಂದು ಅರಿತವರ ಅಳುಕಿಗೂ ಮುಗಯ್ಯಬನ ಕಥೆಯಲ್ಲಿ ಎಡೆ ದೊರೆತಿದೆ. ಬಹ್ಲಾದ ಮಣ್ಣಿನ ಗೋಡೆಗಳನ್ನು ಕಾಪಾಡಲು ಜಗತ್ತು ತೋರಿದ ಶ್ರದ್ಧೆಯಲ್ಲಿ ಒಂದು ಪಾಲು, ಆ ಗೋಡೆಗಳ ಒಳಗೆ ವೃದ್ಧರು ಇನ್ನೂ ಹೇಳಬಲ್ಲ ಈ ಕಥೆಗಳನ್ನು ಬರೆದಿಡುವುದಕ್ಕೂ ಸಲ್ಲಬೇಕು. ಏಕೆಂದರೆ ದುರ್ಗವು ಆಳಿದವರ ಸ್ಮಾರಕವಾದರೆ, ಈ ಕಥೆಗಳು ಆಳಾಗಿ ದುಡಿದವರಿಗೆ ಉಳಿದಿರುವ ಸ್ಮಾರಕ.