ಮೊಲ, ಮೂಲಂಗಿ ಮತ್ತು ಥೈರಾಯ್ಡ್

ಈ ಕಥೆ ಶುರುವಾಗೋದು ಮೊಲಗಳಿಂದ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಚೆಸ್ನಿ ಅನ್ನೋ ವೈದ್ಯರು ಸಿಫಿಲಿಸ್ ಸಂಶೋಧನೆಗೆ ಅಂತ ಮೊಲ ಸಾಕಿದ್ದರು. ಥೈರಾಯ್ಡ್ ಅವರ ವಿಷಯವೇ ಅಲ್ಲ. ಆದರೆ ಮೊಲಗಳ ಕುತ್ತಿಗೆ ಊದತೊಡಗಿತು! ಕಾರಣ ಹುಡುಕಿದರೆ, ದಿನಾ ಹಾಕುತ್ತಿದ್ದ ಕ್ಯಾಬೀಜ. ಅವುಗಳ ಊಟ ಹೆಚ್ಚುಕಡಿಮೆ ಅದೊಂದೇ ಆಗಿತ್ತು. 1928ರಲ್ಲಿ ಇದು ಪ್ರಕಟವಾಯಿತು. ಮುಂದೆ ಎರಡೇ ವರ್ಷದಲ್ಲಿ ಅದೇ ಗುಂಪು ಇನ್ನೊಂದು ಸಂಗತಿ ತೋರಿಸಿತು: ಸ್ವಲ್ಪ ಅಯೋಡಿನ್ ಕೊಟ್ಟರೆ ಈ ಗಳಗಂಡ ಬರೋದಿಲ್ಲ. ಮೊದಲನೆಯದು ಊರೆಲ್ಲ ಹಬ್ಬಿತು, ಎರಡನೆಯದು ಯಾರಿಗೂ ನೆನಪಿಲ್ಲ.

ನಮ್ಮ ರನ್ನ ಬೆಳಗಲಿ ಕಡೆ ಜೋಳದ ರೊಟ್ಟಿ ತಾಟಿನಲ್ಲಿ ಹಸಿ ಮೂಲಂಗಿ, ಉಳ್ಳಾಗಡ್ಡಿ, ಸವತಿಕಾಯಿ ಇರಲೇಬೇಕು. (ಕವಿ ರನ್ನ ಕ್ಯಾಬೀಜ ಕಂಡಿರಲಿಕ್ಕಿಲ್ಲ ಬಿಡಿ, ಅದು ಯುರೋಪಿನವರ ಹಿಂದೆ ಬಂದದ್ದು.) ಮೂಲಂಗಿ ಕೂಡ ಕ್ಯಾಬೀಜ, ಸಾಸಿವೆಯ ಕುಟುಂಬದ್ದೇ. ಹಸಿದನ್ನು ಕಚ್ಚಿದಾಗ ಅದರೊಳಗಿನ ಒಂದು ಕಿಣ್ವವೂ ಗಂಧಕದ ಒಂದು ಸಂಯುಕ್ತವೂ ಕೂಡಿಕೊಳ್ಳುತ್ತವೆ. ಮೂಗಿಗೆ ಹತ್ತೋ ಆ ಘಾಟು ಹುಟ್ಟೋದು ಹಾಗೆ. ಈ ಕುಟುಂಬದ ಕೆಲವು ತರಕಾರಿಗಳಲ್ಲಿ ಹೀಗೆ ಹುಟ್ಟುವ ಕೆಲವು ವಸ್ತುಗಳು ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಿಗದಂತೆ, ಸಿಕ್ಕರೂ ಬಳಸದಂತೆ ಅಡ್ಡಗಾಲು ಹಾಕುತ್ತವೆ. ಅಂಥ ಒಂದನ್ನು, ಗಾಯ್ಟ್ರಿನ್ ಅನ್ನೋದನ್ನು, 1949ರಲ್ಲಿ ಆಸ್ಟ್‌ವುಡ್ ಮತ್ತು ಜೊತೆಗಾರರು ಟರ್ನಿಪ್ ಜಾತಿಯ ಗೆಡ್ಡೆಯಿಂದ ಬೇರ್ಪಡಿಸಿದರು. ಬೇಯಿಸಿದರೆ ಆ ಕಿಣ್ವ ಕೆಡುತ್ತೆ, ಕಾಟ ಬಹಳಷ್ಟು ಕಡಿಮೆ.

ಹಾಗಾದರೆ ಹಸಿದು ಎಷ್ಟು ತಿಂದರೆ ಅಪಾಯ? 2010ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪ್ರಕರಣ ನೋಡಿ: 88 ವರ್ಷದ ಅಜ್ಜಿ ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ದಿನಾ 1ರಿಂದ 1.5 ಕಿಲೋ ಹಸಿ ಬಾಕ್ ಚಾಯ್ ಸೊಪ್ಪನ್ನು ತಿಂಗಳುಗಟ್ಟಲೆ ತಿಂದು, ಥೈರಾಯ್ಡ್ ತೀರಾ ಕುಸಿದು ಆಸ್ಪತ್ರೆ ಸೇರಿದರು. ದಿನಾ ಕಿಲೋಗಟ್ಟಲೆ! ರೊಟ್ಟಿ ಜೋಡಿ ನಾಲ್ಕು ಹೋಳಲ್ಲ.

ನಮ್ಮ ಅತ್ತಿಗೆ ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾದಾಗ ವಾಟ್ಸಾಪ್ ನೋಡಿ ಮೊದಲು ಬಿಟ್ಟದ್ದು ಮೂಲಂಗಿ. "ರೊಟ್ಟಿ ಗಂಟಲದಾಗ ಇಳಿಯೂದಿಲ್ಲೋ ತಮ್ಮಾ" ಅಂತ ಒಂದೇ ಗೋಳು. ಎರಡನೇದಾಗಿ, 'ಶುದ್ಧ' ಅಂತ ಸೈಂಧವ ಉಪ್ಪು ತರಿಸಿದರು. ನನಗೆ ದಿಗಿಲಾದದ್ದು ಈ ಎರಡನೇದಕ್ಕೆ.

ಯಾಕೆಂದರೆ ನಮ್ಮ ದೇಶದಲ್ಲಿ ಗಳಗಂಡವನ್ನು ಹಿಮ್ಮೆಟ್ಟಿಸಿದ್ದು ಉಪ್ಪೇ. 1956ರಿಂದ ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಜನರಿಗೆ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿದರು, ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವುದಕ್ಕೆ ಹಾಕಿದ್ದ ನಿಷೇಧವನ್ನು 2000ದಲ್ಲಿ ಕೇಂದ್ರ ತೆಗೆದೂ ಹಾಕಿತ್ತು, 2006ರಲ್ಲಿ ಮತ್ತೆ ಜಾರಿಗೆ ಬಂತು.

ಅಯೋಡಿನ್ ಸಾಕಷ್ಟಿರುವ ಕಡೆ ಥೈರಾಯ್ಡ್ ಕುಗ್ಗಲು ದೊಡ್ಡ ಕಾರಣ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳೋದು. ಅದಕ್ಕೆ ಮೂಲಂಗಿ ಬಿಟ್ಟರೂ ಉಪಯೋಗವಿಲ್ಲ, ಅಯೋಡಿನ್ ಉಪ್ಪು ಜಾಸ್ತಿ ತಿಂದರೂ ಇಲ್ಲ, ಮಾತ್ರೆಯೇ ಗತಿ. ಅತ್ತಿ ಮಾತ್ರೆ ತಪ್ಪಿಸೋದಿಲ್ಲ. ಡಾಕ್ಟರನ್ನ ಕೇಳಿದ ಮೇಲೆ ತಾಟಿಗೆ ಮೂಲಂಗಿ ವಾಪಸ್ ಬಂದಿದೆ. ಸೈಂಧವದ ಡಬ್ಬಿ ಮಾತ್ರ ಇನ್ನೂ ಒಲೆ ಪಕ್ಕದಲ್ಲೇ ಇದೆ.